ಅಮ್ಮನನ್ನು ಮನೆಗೆ ಕರೆತರುವ ಮುನ್ನ: ಸಂಪಾದಕರ ಉತ್ತರ

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ಅಮ್ಮನಿಗೆ 72 ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲಿನ ಸ್ವಾಧೀನ ಹೋಗಿದೆ. ಮೂಗಿನಲ್ಲಿ ಊಟದ ಪೈಪು, ಮೂತ್ರಕ್ಕೆ ಕ್ಯಾಥೆಟರ್. ಮುಂದಿನ ವಾರ ಶಿವಮೊಗ್ಗದ ಆಸ್ಪತ್ರೆಯಿಂದ ಡಿಸ್ಚಾರ್ಜ್. ಊರಲ್ಲಿ ಅಣ್ಣ, ಅತ್ತಿಗೆ ಇದ್ದಾರೆ, ಅತ್ತಿಗೆಗೆ ಬೆನ್ನುನೋವು, ನಾನಿರುವುದು ಬೆಂಗಳೂರಿನಲ್ಲಿ. ಏಜೆನ್ಸಿಯೊಂದು 24 ಗಂಟೆಯ ‘ಟ್ರೇನ್ಡ್ ನರ್ಸ್’ ಕಳಿಸುತ್ತೇವೆ, ತಿಂಗಳ ಹಣ ಮುಂಗಡ ಕೊಡಿ ಎನ್ನುತ್ತಿದೆ. ಒಪ್ಪಬಹುದೇ?

ಒಪ್ಪುವ ಮೊದಲು ವಾರ್ಡಿನ ಸಿಸ್ಟರ್ ಹತ್ತಿರ ಕೂತು, ಅಮ್ಮನಿಗೆ ಒಂದು ದಿನದಲ್ಲಿ ಏನೇನು ಆಗಬೇಕು ಎಂದು ಗಂಟೆವಾರು ಬರೆದುಕೊಳ್ಳಿ. ಪಟ್ಟಿ ಕೈಗೆ ಬಂದರೆ ಅದರಲ್ಲಿ ಎರಡು ಬಗೆಯ ಕೆಲಸ ಇರುವುದು ತಾನಾಗಿ ಕಾಣುತ್ತದೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬಾಯಿ ಸ್ವಚ್ಛ ಮಾಡುವುದು, ಪೈಪಿನಲ್ಲಿ ಊಟ ಕೊಡುವುದು, ಮೂತ್ರದ ಚೀಲ ಖಾಲಿ ಮಾಡುವುದು ದಿನದಿನದ್ದು. ಇವನ್ನು ಚೆನ್ನಾಗಿ ಕಲಿತ ಆರೈಕೆಯವರು ಮಾಡಬಲ್ಲರು. ಊಟದ ಪೈಪು ಬದಲಿಸುವುದು, ಕ್ಯಾಥೆಟರ್ ಹಾಕುವುದು, ಆಳವಾದ ಗಾಯದ ಡ್ರೆಸ್ಸಿಂಗ್ ಮಾತ್ರ ನೋಂದಾಯಿತ ನರ್ಸ್ ಅಥವಾ ವೈದ್ಯರ ಕೆಲಸ. ನಿಮ್ಮ ಮನೆಗೆ ನಮ್ಮ ಸಲಹೆ ಇಷ್ಟು: ಮನೆಯಲ್ಲೇ ಉಳಿಯುವ ಒಬ್ಬ ಆರೈಕೆಯಾಕೆ, ಜೊತೆಗೆ ಗೊತ್ತುಮಾಡಿದ ದಿನಕ್ಕೆ ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬಂದುಹೋಗುವ ಒಬ್ಬ ನರ್ಸ್. ಎರಡೂ ಕೆಲಸ ಒಬ್ಬರೇ ಮಾಡುತ್ತಾರೆಂದು ಏಜೆನ್ಸಿಯವರು ಹೇಳಿದರೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಪ್ರಮಾಣಪತ್ರ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ, ಬರುವವರು ನರ್ಸ್ ಅಲ್ಲ. ಅದು ತಪ್ಪೇನಲ್ಲ, ಆದರೆ ನರ್ಸಿನ ದರ ಕೊಡಬೇಡಿ, ನರ್ಸಿನ ಕೆಲಸವನ್ನೂ ಮಾಡಿಸಬೇಡಿ.

ಆರೈಕೆಗೆ ಬರುವಾಕೆ ಡಿಸ್ಚಾರ್ಜ್ ದಿನ ನೇರ ಮನೆಗೆ ಬರುವುದು ಬೇಡ. ಎರಡು ಮೂರು ದಿನ ಮೊದಲೇ ಆಸ್ಪತ್ರೆಗೆ ಬರಲಿ, ಅಷ್ಟು ದಿನದ ಸಂಬಳ ಕೊಡಿ. ವಾರ್ಡಿನಲ್ಲಿ ಸಿಸ್ಟರ್ ಎದುರು ಆಕೆ ಊಟ ಕೊಡಲಿ, ಮಗ್ಗುಲು ಬದಲಿಸಲಿ. ಅತ್ತಿಗೆಯೂ ಪಕ್ಕದಲ್ಲಿ ನಿಂತು ಕಲಿಯಲಿ. ಆರೈಕೆಯಾಕೆ ರಜೆ ಹೋದ ದಿನ ಇಡೀ ಮನೆಗೆ ಕೆಲಸ ಗೊತ್ತಿರುವುದು ಅತ್ತಿಗೆಗೆ ಮಾತ್ರ. ಮಗ್ಗುಲು ಬದಲಿಸುವುದನ್ನಂತೂ ಅಣ್ಣನೂ ಕಲಿಯಲೇಬೇಕು.

ಪೈಪಿನ ಊಟದ ಕ್ರಮ ಹೀಗೆ. ತಲೆಯ ಕಡೆ ಕನಿಷ್ಠ 30 ಡಿಗ್ರಿ, ಸಾಧ್ಯವಾದರೆ 45 ಡಿಗ್ರಿ ಎತ್ತಬೇಕು. ಮೂಗಿನ ಹೊಳ್ಳೆಯ ಹತ್ತಿರ ಪೈಪಿನ ಮೇಲಿರುವ ಗುರುತು ಮೊದಲಿದ್ದಲ್ಲೇ ಇದೆಯೇ ಎಂದು ಪ್ರತಿ ಸಲ ನೋಡಬೇಕು. ಜರುಗಿದ್ದರೆ ಊಟ ಕೊಡಲೇಬಾರದು. ಮೊದಲು ಸುಮಾರು 30 ಮಿ.ಲೀ. ನೀರು, ಆಮೇಲೆ ವೈದ್ಯರು ಹೇಳಿದಷ್ಟು, ಸಾಮಾನ್ಯವಾಗಿ 200ರಿಂದ 250 ಮಿ.ಲೀ. ಊಟ, ಕೊನೆಗೆ ಮತ್ತೆ 30 ಮಿ.ಲೀ. ನೀರು. ಸಿರಿಂಜಿನ ಪಿಸ್ಟನ್ ಒತ್ತಿ ನುಗ್ಗಿಸಬಾರದು. ಪಿಸ್ಟನ್ ತೆಗೆದು ಸಿರಿಂಜನ್ನು ಎತ್ತಿ ಹಿಡಿದರೆ 15–20 ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಊಟವಾದ ಮೇಲೂ ಮುಕ್ಕಾಲು ಗಂಟೆ ತಲೆ ಎತ್ತರದಲ್ಲೇ ಇರಲಿ. ಅವಸರಪಟ್ಟು ಮಲಗಿಸಿದರೆ ಊಟ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾ ಆಗಬಹುದು. ಊಟದ ನಡುವೆ ಕೆಮ್ಮು, ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ. ರಾಗಿ ಗಂಜಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಪೈಪಿನಲ್ಲಿ ಕೊಡಲೆಂದು ಎಲ್ಲ ಮಾತ್ರೆಯನ್ನೂ ಪುಡಿ ಮಾಡುವಂತಿಲ್ಲ, ಕೆಲವನ್ನು ಮಾಡಬಾರದು. ಹೆಸರಿನ ಕೊನೆಗೆ ಎಸ್‌ಆರ್, ಇಆರ್ ಎಂದಿರುವ, ದಿನವಿಡೀ ನಿಧಾನ ಕರಗುವ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಲೇ ಒಳಗೆ ಹೋಗುತ್ತದೆ. ಡಿಸ್ಚಾರ್ಜ್ ಚೀಟಿ ಹಿಡಿದು ಒಂದೊಂದನ್ನೂ ವೈದ್ಯರಲ್ಲಿ ಕೇಳಿ, ಬದಲಿ ಬರೆಸಿಕೊಳ್ಳಿ. ಬಾಯಿಂದ ಊಟವಿಲ್ಲವೆಂದು ಬಾಯಿ ತೊಳೆಯುವುದನ್ನು ಬಿಡುವವರೇ ಹೆಚ್ಚು. ದಿನಕ್ಕೆ ಎರಡು ಬಾರಿ ಹಲ್ಲು, ನಾಲಿಗೆ ಒರೆಸಲೇಬೇಕು. ಪೈಪು ಹೊರಬಂದರೆ ಮನೆಯಲ್ಲಿ ಯಾರೂ ಮತ್ತೆ ತೂರಿಸಬಾರದು.

ಹಾಸಿಗೆ ಹುಣ್ಣಿಗೆ ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ತಂದರೆ ಸಾಕು ಎಂದು ಎಷ್ಟೋ ಮನೆಯವರು ನಂಬಿ ಕೂರುತ್ತಾರೆ. ಏರ್‌ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಮಳೆಗಾಲದಲ್ಲಿ ನಿಮ್ಮ ಕಡೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಪಂಪು ನಿಂತರೆ ಗಾಳಿ ಇಳಿಯುತ್ತದೆ. ಆದ್ದರಿಂದ ಏರ್‌ಬೆಡ್ಡನ್ನು ಬರೀ ಹಲಗೆಯ ಮೇಲೆ ಹಾಸದೆ ದಪ್ಪ ಹಾಸಿಗೆಯ ಮೇಲೆ ಹಾಸಿ, ಪಂಪಿಗೆ ಇನ್ವರ್ಟರ್ ಲೈನ್ ಕೊಡಿ. ಅದು ತಿನ್ನುವ ಕರೆಂಟ್ ಒಂದು ಎಲ್‌ಇಡಿ ಬಲ್ಬಿನಷ್ಟೇ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಿ. ಸೊಂಟದ ಹಿಂಭಾಗ ಕೆಂಪಗಾಗಿದ್ದರೆ ಬೆರಳಿಂದ ಒತ್ತಿ ನೋಡಿ. ಒತ್ತಿದಾಗಲೂ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ. ಆ ಜಾಗವನ್ನು ತಿಕ್ಕಬೇಡಿ, ರಿಂಗ್ ಆಕಾರದ ದಿಂಬು ಇಡಬೇಡಿ, ಆ ಮಗ್ಗುಲಿಗೆ ಮಲಗಿಸಬೇಡಿ, ನರ್ಸಿಗೆ ತೋರಿಸಿ. ಮೇಲಕ್ಕೆ ಸರಿಸುವಾಗ ಸೊಂಟದ ಕೆಳಗೆ ಅಡ್ಡ ಹಾಸಿದ ಬಟ್ಟೆಯನ್ನು ಇಬ್ಬರು ಎರಡು ಕಡೆ ಹಿಡಿದು ಎತ್ತಬೇಕು. ಎಳೆದರೆ ಚರ್ಮ ಸುಲಿಯುತ್ತದೆ. ಬಲಗೈ ಹಿಡಿದಂತೂ ಎಳೆಯಲೇಬೇಡಿ, ಬಲವಿಲ್ಲದ ಭುಜದ ಕೀಲು ಜಾರುತ್ತದೆ. ಮಲೆನಾಡಿನ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲವಲ್ಲ, ಎಂಟು ಹತ್ತು ಹತ್ತಿಯ ಹಾಸುಬಟ್ಟೆ ಮೊದಲೇ ಹೊಂದಿಸಿ. ಹಸಿ ಬಟ್ಟೆ ಹಾಸಿದರೆ ತೊಡೆಸಂದಿಯಲ್ಲಿ ಬೇಗ ಫಂಗಸ್ ಹಿಡಿಯುತ್ತದೆ.

ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ನಾಲ್ಕು ಗಂಟೆ ಹನಿಯೂ ಬೀಳದಿದ್ದರೆ ಮೊದಲು ಟ್ಯೂಬು ಮಡಚಿದೆಯೇ ನೋಡಿ, ಇಲ್ಲವಾದರೆ ನರ್ಸಿಗೆ ಫೋನ್ ಮಾಡಿ. ಜ್ವರ, ಏದುಸಿರು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಮನೆಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮನೆಗೆ ದಾರಿ ತೋರಿಸುವವರು ಯಾರು ಎಂಬುದು ಆರೈಕೆಯಾಕೆಗೆ ಮೊದಲ ದಿನವೇ ಗೊತ್ತಿರಬೇಕು.

ಇನ್ನು 24 ಗಂಟೆಯ ಮಾತು. ಮನುಷ್ಯರಾದವರು 24 ಗಂಟೆ ಎಚ್ಚರ ಇರಲಾರರು. ಆಕೆಗೆ ದಿನಕ್ಕೆ ಎಂಟು ಗಂಟೆ ವಿಶ್ರಾಂತಿ, ಅದರಲ್ಲಿ ಆರು ಗಂಟೆಯಾದರೂ ಒಂದೇ ಸಮ ನಿದ್ದೆ ಬೇಕು. ರಾತ್ರಿ 11ರಿಂದ ಬೆಳಗಿನ 5ರವರೆಗಿನ ಮಗ್ಗುಲು ಬದಲಾವಣೆ ಅಣ್ಣನ ಪಾಲಿಗೆ ಬರಲಿ. ಬೆನ್ನುನೋವಿದೆ ಎಂದು ನೀವೇ ಬರೆದಿರುವ ಅತ್ತಿಗೆಯ ಮೇಲೆ ಇದನ್ನು ಹೇರಬೇಡಿ. ಆರೈಕೆಯಾಕೆಗೆ ಚಿಲಕವಿರುವ ಬಚ್ಚಲು, ಮಲಗಲು ಪ್ರತ್ಯೇಕ ಜಾಗ, ಮನೆಯವರು ಉಣ್ಣುವ ಊಟವನ್ನೇ ಕೊಡಿ. ಮನೆಯ ಪಾತ್ರೆ ತೊಳೆಸುವುದು, ಅಡಿಕೆ ಸುಲಿಸುವುದು ಖಂಡಿತ ಬೇಡ. ಇಂಥ ಕಾರಣಕ್ಕೇ ಒಳ್ಳೆಯ ಕೆಲಸದವರು ತಿಂಗಳೊಳಗೆ ಬಿಟ್ಟುಹೋಗುತ್ತಾರೆ.

ಏಜೆನ್ಸಿಯ ಜೊತೆ ಬಾಯಿಮಾತು ಸಾಲದು. ಬದಲಿಯವರನ್ನು ಎಷ್ಟು ದಿನದೊಳಗೆ ಕಳಿಸುತ್ತಾರೆ, ಅರ್ಧ ತಿಂಗಳಿಗೆ ನಿಲ್ಲಿಸಿದರೆ ಎಷ್ಟು ಹಣ ವಾಪಸ್, ರಜೆ ಯಾವಾಗ, ಕೊಟ್ಟ ಹಣದಲ್ಲಿ ಆಕೆಯ ಕೈಗೆ ಸೇರುವುದೆಷ್ಟು, ಎಲ್ಲವೂ ಕಾಗದದ ಮೇಲಿರಲಿ. ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ, ಪೊಲೀಸ್ ಪರಿಶೀಲನೆ ಮಾಡಿಸಿ, ಹಿಂದೆ ಕೆಲಸ ಮಾಡಿದ ಒಂದೆರಡು ಮನೆಯವರ ಹತ್ತಿರ ಮಾತಾಡಿ. ಮೊದಲ ಸಲಕ್ಕೆ 15 ದಿನದ ಹಣಕ್ಕಿಂತ ಹೆಚ್ಚು ಮುಂಗಡ ಬೇಡ.

ಬೆಂಗಳೂರಿನಿಂದ ನೀವು ಮಾಡಬಹುದಾದ ಕೆಲಸವೂ ಇದೆ. ಒಂದು ನೋಟ್‌ಬುಕ್ಕಿನಲ್ಲಿ ಊಟ, ಮೂತ್ರದ ಅಳತೆ, ಮಗ್ಗುಲು ಬದಲಿಸಿದ ಹೊತ್ತು, ಜ್ವರ ಬರೆಯಲಿ. ದಿನಾ ಸಂಜೆ ಆ ಪುಟದ ಫೋಟೋ ತರಿಸಿಕೊಂಡು ಓದಿ. ಡಿಸ್ಚಾರ್ಜ್ ದಿನ ಆಸ್ಪತ್ರೆಯಲ್ಲಿ ನೀವೇ ಇದ್ದು ಮೂರು ದಿನಾಂಕ ಬರೆಸಿಕೊಳ್ಳಿ: ಊಟದ ಪೈಪು ಬದಲಿಸುವುದು, ಕ್ಯಾಥೆಟರ್ ಬದಲಿಸುವುದು ಅಥವಾ ತೆಗೆಯುವುದು, ನುಂಗುವ ಶಕ್ತಿಯ ಪರೀಕ್ಷೆ. ಲಕ್ವದ ನಂತರ ಅನೇಕರಿಗೆ ಕೆಲವೇ ವಾರಗಳಲ್ಲಿ ನುಂಗಲು ಬರುತ್ತದೆ. ಮೊದಲ ಮೂರು ತಿಂಗಳು ಚೇತರಿಕೆ ಹೆಚ್ಚು, ಫಿಸಿಯೋಥೆರಪಿಯನ್ನು ಆಗಲೇ ಬಿಡದೆ ಮಾಡಿಸಬೇಕು. ಕೇಳುವವರಿಲ್ಲದೆ ಪೈಪು ತಿಂಗಳುಗಟ್ಟಲೆ ಮೂಗಿನಲ್ಲೇ ಉಳಿಯುವುದುಂಟು. ಪರೀಕ್ಷೆಯ ದಿನಾಂಕ ಕೇಳದೆ ವಾರ್ಡಿನಿಂದ ಹೊರಡಬೇಡಿ.