ಗ್ಲೂಕೋಮೀಟರ್ ಕಂಪ್ಯೂಟರಿಗೆ ಜೋಡಿಸಿದರೆ ಸಾಕಾ?
ವಾರ್ಡಿನ ಗ್ಲೂಕೋಮೀಟರನ್ನು (ರಕ್ತದ ಸಕ್ಕರೆ ಅಳೆಯುವ ಯಂತ್ರ) ಆಸ್ಪತ್ರೆಯ ಕಂಪ್ಯೂಟರಿಗೆ ಜೋಡಿಸಿದರೆ ರೋಗಿಗೆ ಲಾಭ ಇದೆಯಾ ಎಂದು ಕೇಳಿದ್ದೀರಿ. ಇದೆ. ರೀಡಿಂಗ್ ತಾನಾಗಿ ದಾಖಲೆಗೆ ಹೋದರೆ 68 ಅನ್ನು 86 ಎಂದು ಬರೆದುಬಿಡುವ ಎಡವಟ್ಟು ತಪ್ಪುತ್ತದೆ. ಆದರೆ ನಿಜವಾದ ತಲೆನೋವು ಸಮಯದ್ದು. ಇನ್ಸುಲಿನ್ ಕೊಟ್ಟಿರುತ್ತಾರೆ, ಅಷ್ಟರಲ್ಲಿ ರೋಗಿಯನ್ನು ಸ್ಕ್ಯಾನಿಂಗಿಗೆ ಕರೆದೊಯ್ಯುತ್ತಾರೆ, ಊಟದ ತಟ್ಟೆ ಮಂಚದ ಪಕ್ಕ ಆರುತ್ತಾ ಕೂತಿರುತ್ತದೆ. ಶುಗರ್ ದಿಢೀರ್ ಇಳಿಯುವುದು ಹೀಗೇ ಅಲ್ವಾ? ಅದಕ್ಕೇ ರೀಡಿಂಗ್, ಡೋಸ್, ಊಟ ಮೂರೂ ಒಂದೇ ಪರದೆಯಲ್ಲಿ ಕಾಣಬೇಕು.

ವಾರ್ಡಿನಲ್ಲಿ ಇನ್ಸುಲಿನ್ ಪಡೆಯುವ ಹೆಚ್ಚಿನ ಒಳರೋಗಿಗಳಿಗೆ ಶುಗರ್ ಗುರಿ ಡೆಸಿಲೀಟರಿಗೆ 100ರಿಂದ 180 ಮಿಲಿಗ್ರಾಂ. ಶುಗರ್ 70ಕ್ಕಿಂತ ಕೆಳಗಿಳಿದಾಗ ಕಂಪ್ಯೂಟರಿನ ಅಲಾರಂ ತಪ್ಪದೆ ಬಡಿಯಲಿ. ಸಣ್ಣಪುಟ್ಟ ಏರಿಳಿತಕ್ಕೆಲ್ಲ ಸುಮ್ನೆ ಕೂಗುತ್ತಿದ್ದರೆ ನರ್ಸ್‌ಗಳು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತಾರೆ. ಸಾಫ್ಟ್‌ವೇರ್ ಕೊಳ್ಳುವ ಮೊದಲು ರಾತ್ರಿ ಪಾಳಿಯವರನ್ನು ಒಮ್ಮೆ ಕೇಳಿ.