ಬರಹಗಾರರಿಗೆ ಸಲಹೆ: ನಿಮ್ಮ ಕೋಷ್ಟಕದಲ್ಲಿ ಬೈಕಾರ್ಬೋನೇಟ್ ಎಲ್ಲಿ?

ನಮಸ್ಕಾರ.

‘ತಾರಸಿ ತೋಟಕ್ಕೆ ಬೋರ್‌ವೆಲ್ ನೀರೇ ವಿಷ’ ಲೇಖನ ಓದಿದೆವು. ಈಗಿರುವಂತೆ ಹಾಕಲಾಗದು. ಮೊದಲ ಎರಡು ಪ್ಯಾರಾಗಳ ಭೂತಾಯಿ ವರ್ಣನೆ ತೆಗೆದುಬಿಡಿ. ಅದು ಸಣ್ಣ ವಿಷಯ, ಕತ್ತರಿ ನಮ್ಮಲ್ಲೂ ಇದೆ. ತಕರಾರಿರುವುದು ಯಲಹಂಕದ ಬೋರ್‌ವೆಲ್ ನೀರಿನ ಕೋಷ್ಟಕದಲ್ಲಿ.

ಲೀಟರಿಗೆ ಕ್ಯಾಲ್ಸಿಯಂ 80 ಮಿ.ಗ್ರಾಂ, ಮೆಗ್ನೀಸಿಯಂ 36, ಸೋಡಿಯಂ 92, ಪೊಟ್ಯಾಸಿಯಂ 4. ಕ್ಲೋರೈಡ್ 142, ಸಲ್ಫೇಟ್ 48, ನೈಟ್ರೇಟ್ 31 ಎಂದಿದ್ದೀರಿ. ಇವು ನೀರಿನಲ್ಲಿ ಕರಗಿದ, ವಿದ್ಯುದಂಶವಿರುವ ಕಣಗಳು, ಅಂದರೆ ಅಯಾನುಗಳು: ಮೊದಲ ನಾಲ್ಕು ಧನ, ಉಳಿದ ಮೂರು ಋಣ. ಯಾವ ನೀರಿನಲ್ಲೇ ಆಗಲಿ ಧನ ಅಯಾನುಗಳ ವಿದ್ಯುದಂಶವೂ ಋಣ ಅಯಾನುಗಳದ್ದೂ ಸಮವಾಗಿರಲೇಬೇಕು. ಮಿ.ಗ್ರಾಂ ಕೂಡಿದರೆ ಅದು ತಿಳಿಯುವುದಿಲ್ಲ. ಒಂದೊಂದನ್ನೂ ಅದರ ತುಲ್ಯಭಾರದಿಂದ (ಅಯಾನಿನ ತೂಕವನ್ನು ಅದರ ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ) ಭಾಗಿಸಿ: ಕ್ಯಾಲ್ಸಿಯಂಗೆ 20, ಮೆಗ್ನೀಸಿಯಂಗೆ 12.15, ಸೋಡಿಯಂಗೆ 23, ಪೊಟ್ಯಾಸಿಯಂಗೆ 39, ಕ್ಲೋರೈಡ್‌ಗೆ 35.5, ಸಲ್ಫೇಟ್‌ಗೆ 48, ನೈಟ್ರೇಟ್‌ಗೆ 62. ಧನದ ಕಡೆ ಸುಮಾರು 11 ಮಿಲಿಈಕ್ವಿವಲೆಂಟ್ ಬರುತ್ತದೆ, ಋಣದ ಕಡೆ ಬರೀ 5.5. ಅರ್ಧ ಕಾಣೆ! ನೀವು ಕೊಟ್ಟ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 1.1 ಡೆಸಿಸೀಮೆನ್ಸ್. ಇದನ್ನು ಹತ್ತರಿಂದ ಗುಣಿಸಿದರೆ ಧನ ಅಯಾನುಗಳ ಮೊತ್ತ ಹೆಚ್ಚುಕಡಿಮೆ ಸಿಗಬೇಕು, ಸಿಗುತ್ತದೆ. ಹಾಗಾಗಿ ಧನದ ಲೆಕ್ಕ ಸರಿ. ಬಿಟ್ಟುಹೋಗಿರುವುದು ಬಹುಶಃ ಬೈಕಾರ್ಬೋನೇಟ್, ಲೀಟರಿಗೆ 340 ಮಿ.ಗ್ರಾಂ ಆಸುಪಾಸು.

ಲ್ಯಾಬಿನಲ್ಲಿ ಅದನ್ನು ಆಮ್ಲದ ಟೈಟ್ರೇಶನ್‌ನಿಂದ, ಅಂದರೆ ಆಮ್ಲವನ್ನು ಅಳೆದು ಹನಿಹನಿಯಾಗಿ ಬೆರೆಸುವ ವಿಧಾನದಿಂದ, ಅಳೆಸಿ. ಬಾಟಲಿಯನ್ನು ಗಾಳಿ ನಿಲ್ಲದಂತೆ ಬಾಯಿಯವರೆಗೆ ತುಂಬಿ, ಅಂದೇ ಕೊಡಿ. ತಡವಾದರೆ ಇಂಗಾಲದ ಡೈಆಕ್ಸೈಡ್ ಹೊರಟು ಕ್ಯಾಲ್ಸಿಯಂ ಕಾರ್ಬೋನೇಟ್ ತಳಕ್ಕೆ ಕೂರುತ್ತದೆ. ಕ್ಯಾಲ್ಸಿಯಂ, ಬೈಕಾರ್ಬೋನೇಟ್ ಎರಡೂ ಕಡಿಮೆ ಬರುತ್ತವೆ.

ಇನ್ನು ನಿಮ್ಮ ತಲೆಬರಹ. ಸೋಡಿಯಂ ಮಣ್ಣನ್ನು ಕೆಡಿಸುತ್ತದೋ ಇಲ್ಲವೋ ಎನ್ನುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅದರ ಅನುಪಾತ ನೋಡಿ ಹೇಳುವ ಮಾತು. ಮಿಲಿಈಕ್ವಿವಲೆಂಟ್ ಲೆಕ್ಕದಲ್ಲಿ ಸೋಡಿಯಂ 4, ಉಳಿದೆರಡರ ಮೊತ್ತದ ಅರ್ಧ 3.5, ಅದರ ವರ್ಗಮೂಲ 1.87. ಭಾಗಿಸಿದರೆ ಈ ಅನುಪಾತ, ಅಂದರೆ ಎಸ್.ಎ.ಆರ್., 2.1; ಕಡಿಮೆಯೇ. ಇದಕ್ಕೆ ‘ವಿಷ’ ಅನ್ನುವುದು ಅನ್ಯಾಯ. ‘ಕುಂಡಕ್ಕೊಂದು ಹಿಡಿ ಜಿಪ್ಸಂ’ ಎಂಬ ಸಲಹೆಯೂ ಹೋಗಲಿ. ಜಿಪ್ಸಂ ಹಾಕುವುದು ಕ್ಯಾಲ್ಸಿಯಂಗಾಗಿ; ಈ ನೀರಲ್ಲಿ ಅದಕ್ಕೆ ಕೊರತೆಯಿಲ್ಲ, ಜಿಪ್ಸಂ ಕರಗಿದರೆ ಉಪ್ಪಿನಂಶವೇ ಏರುತ್ತದೆ.

ನಿಜವಾದ ತೊಂದರೆ ನಿಮ್ಮ ಎರಡನೇ ಕೋಷ್ಟಕದಲ್ಲಿದೆ. ಅದನ್ನೇ ನೀವು ‘ಉಪ್ಪಿಲ್ಲ’ ಎಂದು ದಾಟಿದ್ದೀರಿ. ಕುಂಡದ ಮಣ್ಣಿನ ಇ.ಸಿ. 1.6 ಬಂದದ್ದು 20 ಗ್ರಾಂ ಮಣ್ಣಿಗೆ 50 ಮಿ.ಲೀ. ಬಟ್ಟಿ ಇಳಿಸಿದ ನೀರು ಬೆರೆಸಿ ಅಳೆದಾಗ. ಮಣ್ಣಿನಲ್ಲಿ ಉಪ್ಪು ಹೆಚ್ಚಿದೆ ಎನ್ನುವ 4ರ ಮಿತಿ ಇರುವುದು ಮಣ್ಣನ್ನು ಹಿಟ್ಟಿನ ಮುದ್ದೆಯಂತೆ ಕಲಸಿ ಹೀರಿ ತೆಗೆದ ರಸಕ್ಕೆ. ಆ ರಸದಲ್ಲಿ ನಿಮ್ಮ ಮಣ್ಣು 4 ದಾಟಿದರೂ ಆಶ್ಚರ್ಯವಿಲ್ಲ. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಅಯಾನುಗಳು ಕುಂಡದಲ್ಲೇ ಉಳಿದು ಗಟ್ಟಿಯಾಗುತ್ತವೆ. ತಳದ ತಟ್ಟೆಯ ನೀರನ್ನು ಚೆಲ್ಲದಿದ್ದರೆ ತೊಳೆದ ಉಪ್ಪು ಮತ್ತೆ ಮೇಲೇರುತ್ತದೆ. ಪರಿಹಾರ ಮಳೆನೀರು ಅಥವಾ ಕಾವೇರಿ ನೀರು, ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು. ಅಂಚಿನ ಬಿಳಿ ಪೊರೆಯ ಮೇಲೆ ವಿನೆಗರ್ ಹನಿಸಿ ನೋಡಲು ಓದುಗರಿಗೆ ಹೇಳಿ: ನೊರೆ ಎದ್ದರೆ ಕಾರ್ಬೋನೇಟ್, ಏಳದಿದ್ದರೆ ಬೇರೆ ಉಪ್ಪು.

ಒಂದು ವಾಕ್ಯ ಪೂರ್ತಿ ತಪ್ಪು: ‘ಮಣ್ಣು ನೈಟ್ರೇಟನ್ನು ಹಿಡಿದಿಟ್ಟುಕೊಳ್ಳುತ್ತದೆ.’ ಜೇಡಿಕಣದ ಮೇಲ್ಮೈ ಹೆಚ್ಚಾಗಿ ಋಣ. ಅದು ಹಿಡಿಯುವುದು ಅಮೋನಿಯಂ, ಪೊಟ್ಯಾಸಿಯಂಗಳನ್ನು. ನೈಟ್ರೇಟ್ ನೀರಿನೊಡನೆ ಇಳಿದುಹೋಗುತ್ತದೆ. ಅದರಲ್ಲೂ ಬೆಂಗಳೂರಿನ ಕೆಂಪು ಮಣ್ಣಿನ ಜೇಡಿ ಬಹುಪಾಲು ಕಯೊಲಿನೈಟ್. ಎರೆಮಣ್ಣಿಗೆ ಹೋಲಿಸಿದರೆ ಇದರ ಹಿಡಿತವೇ ಕಡಿಮೆ. ಹೀಗಾಗಿ ಕುಂಡ ತೊಳೆದ ಮೇಲೆ ಸಾರಜನಕವನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಕೊಡಬೇಕೆಂದು ಬರೆಯಿರಿ.

ಬೈಕಾರ್ಬೋನೇಟ್ ಫಲಿತಾಂಶ ಬಂದಮೇಲೆ ಎರಡೂ ಕಡೆ ಕೂಡಿ. ವ್ಯತ್ಯಾಸ ಒಟ್ಟು ಮೊತ್ತದ ಶೇ. 5ರೊಳಗಿದ್ದರೆ ಲೇಖನ ಕಳಿಸಿ, ಹೆಚ್ಚಿದ್ದರೆ ಮೊದಲು ಲ್ಯಾಬನ್ನು ಕೇಳಿ.

– ಸಂಪಾದಕರು