ಹೆಸರಿಲ್ಲದ ಊರುಗಳನ್ನು ಹುಡುಕಿ

ಓದುಗರ ಪತ್ರ: 1916ರ ಜುಲೈ 3ರ ಕೆಲವು ಲಂಡನ್ ಪತ್ರಿಕೆಗಳನ್ನು ನೋಡಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸೋಮ್ ಕದನದ ಮೊದಲ ದಿನ ಅಷ್ಟೊಂದು ಬ್ರಿಟಿಷ್ ಸೈನಿಕರು ಸತ್ತಿದ್ದರೂ ಪುಟದ ತುಂಬ ಗೆಲುವಿನ ಧಾಟಿ. ವರದಿಗಾರರು ದುಡ್ಡು ತಿಂದು ಸುಳ್ಳು ಬರೆದರೇ? ಅಂಥ ಪತ್ರಿಕೆಗಳನ್ನು ಇತಿಹಾಸದ ವಿದ್ಯಾರ್ಥಿ ನಂಬುವುದು ಹೇಗೆ?

ಸಂಪಾದಕರ ಉತ್ತರ: ದುಡ್ಡಿನ ಮಾತು ಬಿಡಿ, ಅದರ ಅಗತ್ಯವೇ ಬೀಳಲಿಲ್ಲ. 1914ರಲ್ಲಿ ಯುದ್ಧಮಂತ್ರಿ ಕಿಚನರ್ ವರದಿಗಾರರನ್ನು ರಣರಂಗದ ಹತ್ತಿರವೂ ಬಿಡಲಿಲ್ಲ. ಸೇನಾಧಿಕಾರಿ ಅರ್ನೆಸ್ಟ್ ಸ್ವಿಂಟನ್ 'ಪ್ರತ್ಯಕ್ಷದರ್ಶಿ' ಎಂಬ ಹೆಸರಿನಲ್ಲಿ ಬರೆದುಕೊಟ್ಟದ್ದನ್ನೇ ಪತ್ರಿಕೆಗಳು ಹಾಕಬೇಕಾಗಿತ್ತು. 1915ರಲ್ಲಿ ಫಿಲಿಪ್ ಗಿಬ್ಸ್, ಬೀಚ್ ಥಾಮಸ್ ಮುಂತಾದ ಬೆರಳೆಣಿಕೆಯ ಮಂದಿಗೆ ಪರವಾನಗಿ ಸಿಕ್ಕಿತು. ಜೊತೆಗೆ ಅಧಿಕಾರಿಯ ಸಮವಸ್ತ್ರ, ತೋಳಿಗೆ ಹಸಿರು ಪಟ್ಟಿ, ಸೇನೆಯ ಕಾರು, ಬೆನ್ನಿಗೊಬ್ಬ ಸೆನ್ಸಾರ್ ಅಧಿಕಾರಿ. ಅವನು ನೋಡದ ಬರಹ ತಂತಿಗೆ ಹೋಗುವಂತಿರಲಿಲ್ಲ. ಆದರೂ ಕತ್ತರಿಗೆ ಹೆಚ್ಚು ಕೆಲಸ ಇರಲಿಲ್ಲ: ನಮಗೆ ನಾವೇ ಸೆನ್ಸಾರ್ ಆಗಿದ್ದೆವು ಎಂದು ಗಿಬ್ಸ್ ಆಮೇಲೆ ಒಪ್ಪಿಕೊಂಡರು. ಸೋಮ್ ವರದಿಗಳಿಗಾಗಿ ನಾಚಿಕೆಪಟ್ಟೆನೆಂದು ಥಾಮಸ್ 1925ರಲ್ಲಿ ಬರೆದರು. ಆ ಹೊತ್ತಿಗೆ ಇಬ್ಬರೂ 'ಸರ್' ಆಗಿದ್ದರು.

ಈಗ ನಿಮ್ಮ ಪುಟಕ್ಕೆ ಬರೋಣ. ದಾಳಿ ಶುರುವಾದದ್ದು ಜುಲೈ 1, ಶನಿವಾರ ಬೆಳಿಗ್ಗೆ 7.30ಕ್ಕೆ. ಭಾನುವಾರ ದಿನಪತ್ರಿಕೆಗಳಿಲ್ಲ. ಸೋಮವಾರದ ಪುಟ ಕಟ್ಟುವವರ ಮೇಜಿನ ಮೇಲಿದ್ದದ್ದು ಸೇನಾ ಪ್ರಕಟಣೆ ಮತ್ತು ಸೆನ್ಸಾರ್ ದಾಟಿ ಬಂದ ತಂತಿ ವರದಿ. ಅವುಗಳಲ್ಲಿದ್ದ ಊರಿನ ಹೆಸರುಗಳು ಸುಳ್ಳಲ್ಲ. ರಣರಂಗದ ದಕ್ಷಿಣ ಭಾಗದ ಮಾಂಟೊಬಾನ್, ಮಾಮೆಟ್ಸ್ ಮೊದಲ ದಿನವೇ ಕೈವಶವಾಗಿದ್ದವು, ಫ್ರಿಕೂರ್ ಮರುದಿನ. ಮೋಸ ಇರುವುದು ಬಿಟ್ಟುಹೋದ ಹೆಸರುಗಳಲ್ಲಿ. ಒಂದು ನಕ್ಷೆ ಹರಡಿಕೊಂಡು, ವರದಿಯಲ್ಲಿ 'ಗೆದ್ದೆವು' ಎಂದಿರುವ ಊರುಗಳಿಗೆಲ್ಲ ಗುರುತು ಹಾಕಿ. ಉತ್ತರದ ಅರ್ಧ ಖಾಲಿ ಉಳಿಯುತ್ತದೆ. ಅಲ್ಲಿನ ತೀಪ್ವಾಲ್ ಬಿದ್ದದ್ದು ಸೆಪ್ಟೆಂಬರ್ ಕೊನೆಗೆ, ಬೊಮೋಂ ಆಮೆಲ್ ನವೆಂಬರ್‌ನಲ್ಲಿ, ಸೆರ್ ಮರುವರ್ಷ ಜರ್ಮನರು ತಾವಾಗಿಯೇ ಹಿಂದೆ ಸರಿದ ಮೇಲೆ. ಆ ಒಂದೇ ದಿನದ ಬ್ರಿಟಿಷ್ ಸಾವುನೋವು 57,470. ಅದರಲ್ಲಿ ಸತ್ತವರು 19,240.

ಈ ಲೆಕ್ಕ ಅಂದಿನ ಯಾವ ಪತ್ರಿಕೆಯಲ್ಲೂ ಸಿಗದು. ಸತ್ತವರ ಪಟ್ಟಿ ಬಿಡಿಬಿಡಿಯಾಗಿ, ವಾರಗಟ್ಟಲೆ ಬರುತ್ತಿತ್ತು. ಆದ್ದರಿಂದ ಒಂದು ಸಂಚಿಕೆ ಸಾಲದು. ಜುಲೈ, ಆಗಸ್ಟ್ ಎರಡೂ ತಿಂಗಳ ಕಟ್ಟು ತೆಗೆಸಿ, ಒಂದೇ ರೆಜಿಮೆಂಟಿನ ಹೆಸರುಗಳನ್ನು ಕೂಡಿಸುತ್ತ ಹೋಗಿ. ವರದಿ ಎಲ್ಲಿಂದ ಬಂತೆಂದು ಅದರ ತಲೆಯಲ್ಲಿ ಹಾಕಿರುವ ಸ್ಥಳವನ್ನೂ ನೋಡಿ. 'ಬ್ರಿಟಿಷ್ ಪ್ರಧಾನ ಶಿಬಿರದಿಂದ' ಎಂದಿದ್ದರೆ ಬರೆದವನು ಕಂದಕದಲ್ಲಿ ಕೂತು ಬರೆದದ್ದಲ್ಲ.

ಸೆನ್ಸಾರ್ ಕತ್ತರಿಸುತ್ತಿತ್ತು ಎನ್ನುವುದು ಅರ್ಧ ಸತ್ಯ, ಸೇರಿಸುತ್ತಲೂ ಇತ್ತು. 1914ರ ಆಗಸ್ಟ್ 30ರಂದು 'ದಿ ಟೈಮ್ಸ್' ಸೋತು ಹಿಂದೆ ಸರಿಯುತ್ತಿದ್ದ ಸೇನೆಯ ಕಥೆ ಅಚ್ಚುಹಾಕಿ ಗದ್ದಲವಾಯಿತು. ಆ ವರದಿಗೆ 'ಇನ್ನಷ್ಟು ಸೈನಿಕರು ಬೇಕು' ಎಂಬ ಮಾತನ್ನು ಹೊಸೆದವರು ಸುದ್ದಿ ಸೆನ್ಸಾರ್ ಮಾಡುತ್ತಿದ್ದ ಸರ್ಕಾರಿ ಪತ್ರಿಕಾ ಕಚೇರಿಯ ಮುಖ್ಯಸ್ಥ ಎಫ್.ಇ. ಸ್ಮಿತ್ ಅವರೇ! ಸೈನ್ಯಕ್ಕೆ ಜನ ಸೇರಬೇಕಿತ್ತಲ್ಲ.

ಅದೇ ಕಾಲದ ನಮ್ಮ ಪತ್ರಿಕೆಗಳನ್ನು ಓದುವಾಗ ಇನ್ನೊಂದು ಸಂಗತಿ ನೆನಪಿರಲಿ. ವಿದೇಶದ ಸುದ್ದಿ ಹೆಚ್ಚಾಗಿ ಬ್ರಿಟಿಷ್ ಸುದ್ದಿಸಂಸ್ಥೆ ರಾಯಿಟರ್‌ನ ತಂತಿಯಿಂದಲೇ ಬರುತ್ತಿತ್ತು. ಅದರ ಮೇಲೆ ಬ್ರಿಟಿಷ್ ಇಂಡಿಯಾದಲ್ಲಿ 1910ರ ಪ್ರೆಸ್ ಆಕ್ಟ್: ಹೊಸ ಮುದ್ರಣಾಲಯದಿಂದ 500ರಿಂದ 2,000 ರೂಪಾಯಿವರೆಗೆ ಠೇವಣಿ ಕೇಳಬಹುದಿತ್ತು. ಅದು ಮುಟ್ಟುಗೋಲಾದರೆ ಮುಂದಿನದು 10,000ದವರೆಗೆ. 1916ರಲ್ಲಿ ಮದರಾಸಿನ ಆನಿ ಬೆಸೆಂಟರ 'ನ್ಯೂ ಇಂಡಿಯಾ' ಎರಡು ಸಾವಿರ ಕಳೆದುಕೊಂಡು ಹತ್ತು ಸಾವಿರ ಕಟ್ಟಿತು. ಅದೂ ಯುದ್ಧದ ಸುದ್ದಿಗಲ್ಲ, ಸ್ವರಾಜ್ಯದ ಮಾತಿಗೆ. ಹೀಗಿರುವಾಗ ಧಾರವಾಡದ್ದೋ ಮಂಗಳೂರಿನದ್ದೋ ಪತ್ರಿಕೆಯಲ್ಲಿ ಟೀಕೆ ಕಾಣದಿದ್ದರೆ ಸಂಪಾದಕನಿಗೆ ಯುದ್ಧ ಒಪ್ಪಿಗೆಯಾಗಿತ್ತೆಂದು ಬರೆದುಬಿಡಬೇಡಿ. ಆ ಮುದ್ರಣಾಲಯದಿಂದ ಠೇವಣಿ ಕೇಳಿದ್ದರೇ ಎಂದು ಮೊದಲು ಪತ್ರಾಗಾರದಲ್ಲಿ ವಿಚಾರಿಸಿ.